ಬ್ರಾಯ್ಲರ್ ಕೋಳಿಗೆ ಕಡಿಮೆ ಖರ್ಚಿನ ಆಹಾರ: ಸಿಂಧನೂರು ಸೀಮೆಯ ನುಚ್ಚು, ತೌಡು ನಮಗೆ ಎಷ್ಟರ ಮಟ್ಟಿಗೆ?

ತೋಟದ ಮನೆಯ ಹಿಂದೆ ನೂರು, ಇನ್ನೂರು ಬ್ರಾಯ್ಲರ್ ಮರಿಗಳನ್ನು ಬಿಟ್ಟುಕೊಂಡು ಅಡಿಕೆ ಕೊಯ್ಲು, ಕಾಫಿ ಹಣ್ಣು ಬಿಡಿಸುವ ಕೆಲಸಗಳ ನಡುವೆ ಒಂದಿಷ್ಟು ಕೈಗಾಸು ಮಾಡಿಕೊಳ್ಳುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಅವರೆಲ್ಲರ ಪ್ರಶ್ನೆ ಒಂದೇ: ಮೂಟೆ ಆಹಾರದ ಬೆಲೆ ಏರುತ್ತಲೇ ಇದೆ, ಕೋಳಿಯ ಬೆಲೆ ಏರಿದಷ್ಟೇ ಬೇಗ ಇಳಿಯುತ್ತದೆ, ಇದಕ್ಕೆ ಬದಲಾಗಿ ಅಗ್ಗದ ಆಹಾರ ಯಾವುದಾದರೂ ಇಲ್ಲವೇ? ಇದೆ. ಆದರೆ ಅಗ್ಗದ ಆಹಾರ ಬೇರೆ, ಅಗ್ಗವಾಗಿ ಕೋಳಿ ಬೆಳೆಸುವುದು ಬೇರೆ. ಈ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಕಂಪನಿಗಳ ಒಪ್ಪಂದದ ಮೇಲೆ ಕೋಳಿ ಸಾಕುತ್ತಿರುವವರಿಗೆ ಈ ಲೇಖನದಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅವರಿಗೆ ಮರಿ, ಆಹಾರ, ಔಷಧಿ ಮೂರೂ ಕಂಪನಿಯಿಂದಲೇ ಬರುತ್ತವೆ. ಶೆಡ್ಡು ಮತ್ತು ದುಡಿಮೆ ಮಾತ್ರ ರೈತನದು, ಸಾಕಣೆಯ ಕೂಲಿ ಕಿಲೋ ಲೆಕ್ಕದಲ್ಲಿ. ಅಂಥವರು ಆಹಾರಕ್ಕೆ ಒಂದು ಹಿಡಿ ನುಚ್ಚು ಬೆರೆಸಿದರೂ ಒಪ್ಪಂದ ಮುರಿದಂತೆ. ಸ್ವಂತ ಹಣ ಹಾಕಿ ಮರಿ ತಂದು, ಊರಿನ ಅಂಗಡಿಗೋ ಸಂತೆಗೋ ತಾವೇ ಮಾರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ.

ಮೂಟೆಯೊಳಗೆ ಏನಿದೆ?

ಬ್ರಾಯ್ಲರ್ ಸಾಕಣೆಯ ಒಟ್ಟು ಖರ್ಚಿನಲ್ಲಿ ಶೇಕಡಾ 65ರಿಂದ 70ರಷ್ಟು ಆಹಾರಕ್ಕೇ ಹೋಗುತ್ತದೆ. ಆ ಆಹಾರದಲ್ಲಿ ಹೆಚ್ಚುಕಡಿಮೆ ಆರು ಪಾಲು ಮೆಕ್ಕೆಜೋಳ, ಮೂರು ಪಾಲು ಸೋಯಾ ಹಿಂಡಿ. ಉಳಿದ ಒಂದು ಪಾಲಿನಲ್ಲಿ ಎಣ್ಣೆ, ಖನಿಜ ಮಿಶ್ರಣ, ಉಪ್ಪು, ಜೀವಸತ್ವಗಳು, ಮೆಥಿಯೋನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳು ಸೇರುತ್ತವೆ. ಮೆಕ್ಕೆಜೋಳದಿಂದ ಶಕ್ತಿ, ಸೋಯಾದಿಂದ ಸಸಾರಜನಕ. ಭಾರತೀಯ ಮಾನಕ ಸಂಸ್ಥೆಯ 2007ರ ನಿಗದಿಯಂತೆ ಮೊದಲ ಹಂತದ ಮರಿ ಆಹಾರದಲ್ಲಿ ಶೇಕಡಾ 23, ಎರಡನೆಯ ಹಂತದಲ್ಲಿ 22, ಕೊನೆಯ ಹಂತದಲ್ಲಿ 20ರಷ್ಟು ಸಸಾರಜನಕವಿರಬೇಕು. ಶಕ್ತಿಯ ಪ್ರಮಾಣ ಮಾತ್ರ ಇದಕ್ಕೆ ತಿರುಗಾಮುರುಗಾ: ಕಿಲೋಗೆ 3,000 ಕಿಲೋ ಕ್ಯಾಲೊರಿಯಿಂದ 3,100ಕ್ಕೆ, ಕೊನೆಗೆ 3,200ಕ್ಕೆ ಏರಬೇಕು.

ಈ ಎರಡು ಪದಾರ್ಥಗಳ ಬೆಲೆ ನಮ್ಮ ಕೈಯಲ್ಲಿಲ್ಲ. ಮೆಕ್ಕೆಜೋಳ ಈಗ ಕೋಳಿಯ ಆಹಾರ ಮಾತ್ರವಲ್ಲ, ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಕಚ್ಚಾವಸ್ತುವೂ ಹೌದು. 2024ರಲ್ಲಿ ಎಥೆನಾಲ್ ಕಾರ್ಖಾನೆಗಳ ಬೇಡಿಕೆಯಿಂದ ಬೆಲೆ ಏರಿ, ಹೊರದೇಶಗಳಿಂದ ಮೆಕ್ಕೆಜೋಳ ತರಿಸಬೇಕಾಯಿತು. ಅದರ ಮರುವರ್ಷ 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇದ್ದರೂ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದು, ಗದಗ, ಹಾವೇರಿ ಕಡೆಯ ರೈತರು ಬೀದಿಗಿಳಿದು ಹೋರಾಡಿದರು. ಒಬ್ಬ ರೈತನ ಕಷ್ಟದಲ್ಲಿ ಇನ್ನೊಬ್ಬ ರೈತನ ಉಳಿತಾಯ ಅಡಗಿರುವುದು ಸಂತೋಷದ ವಿಷಯವೇನಲ್ಲ. ಆದರೂ ಕೊಯ್ಲಿನ ಕಾಲದಲ್ಲಿ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ನಾಲ್ಕಾರು ಮಂದಿ ಸೇರಿ ನೇರವಾಗಿ ರೈತರಿಂದಲೇ ನ್ಯಾಯವಾದ ಬೆಲೆಗೆ ಕೊಂಡರೆ ಇಬ್ಬರಿಗೂ ಹಿತ.

ಸಿಂಧನೂರು ಸೀಮೆಯಲ್ಲಿ ಏನು ಸಿಗುತ್ತದೆ?

ಮೆಕ್ಕೆಜೋಳಕ್ಕೆ ಬದಲು ಹುಡುಕುವವರು ಮೊದಲು ನೋಡಬೇಕಾದದ್ದು ರಾಯಚೂರು ಜಿಲ್ಲೆಯನ್ನು. ಗೊರೇಬಾಳ ಎಂಬ ಊರು ಇರುವ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆ ಒಂದು ರೀತಿಯಲ್ಲಿ ಕೋಳಿ ಆಹಾರದ ಉಗ್ರಾಣವೇ ಸರಿ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿಯುವ ಕಡೆ ಭತ್ತ, ಹರಿಯದ ಕಡೆ ಬಿಳಿಜೋಳ, ಸಜ್ಜೆ, ತೊಗರಿ, ಹತ್ತಿ. ಸಿಂಧನೂರು, ಕಾರಟಗಿ, ಗಂಗಾವತಿಗಳ ಅಕ್ಕಿ ಗಿರಣಿಗಳಲ್ಲಿ ಅಕ್ಕಿಯ ಜೊತೆಗೆ ನುಚ್ಚೂ ತೌಡೂ ರಾಶಿಯಾಗಿ ಹೊರಬೀಳುತ್ತವೆ. ತೌಡಿನ ಎಣ್ಣೆ ತೆಗೆದ ಮೇಲೆ ಉಳಿಯುವ ಎಣ್ಣೆರಹಿತ ತೌಡೂ ಪೇಟೆಗೆ ಬರುತ್ತದೆ. ನಾಲೆಯನ್ನು ನೆಚ್ಚಿದ ಈ ಪೂರೈಕೆಗೆ ತನ್ನದೇ ಅಪಾಯವೂ ಉಂಟು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಆ ಸೀಮೆಯ ರೈತರ ಎದೆ ಹೇಗೆ ನಡುಗಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನೀರು ನಿಂತರೆ ಗಿರಣಿ ನಿಲ್ಲುತ್ತದೆ, ಗಿರಣಿ ನಿಂತರೆ ನುಚ್ಚು ನಿಲ್ಲುತ್ತದೆ.

ಸರ್ಕಾರದ ನೀತಿಯೂ ನುಚ್ಚಿನ ಬೆಲೆಯನ್ನು ಅತ್ತಿತ್ತ ಎಳೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತನ್ನು ನಿಷೇಧಿಸಲಾಯಿತು. 2025ರ ಮಾರ್ಚಿನಲ್ಲಿ ತೆರವು ಮಾಡಲಾಯಿತು. ನುಚ್ಚು ಎಥೆನಾಲಿಗೂ ಹೋಗುತ್ತದೆ. ಆದ್ದರಿಂದ ಕಳೆದ ವರ್ಷ ಅಗ್ಗವಾಗಿತ್ತೆಂದು ಈ ವರ್ಷವೂ ಅಗ್ಗ ಎನ್ನುವಂತಿಲ್ಲ. ಕೊಳ್ಳುವ ದಿನದ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ನುಚ್ಚು

ಮೆಕ್ಕೆಜೋಳಕ್ಕೆ ಅತಿ ಹತ್ತಿರದ ಬದಲಿ ಎಂದರೆ ಅಕ್ಕಿ ನುಚ್ಚೇ. ನಾರು ಕಡಿಮೆ, ಬೇಗ ಜೀರ್ಣವಾಗುತ್ತದೆ, ಮರಿಗಳೂ ಇಷ್ಟಪಟ್ಟು ತಿನ್ನುತ್ತವೆ. ಸಸಾರಜನಕ ಮೆಕ್ಕೆಜೋಳದಲ್ಲಿ ಶೇಕಡಾ 9ರ ಸುಮಾರು ಇದ್ದರೆ ನುಚ್ಚಿನಲ್ಲಿ 8ರ ಸುಮಾರು. ನಾಲ್ಕನೆಯ ವಾರದಿಂದ ಮೆಕ್ಕೆಜೋಳದ ಅರ್ಧ ಭಾಗವನ್ನು ತೆಗೆದು ನುಚ್ಚು ಹಾಕಿದರೆ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ಕುಂದು ಬರುವುದಿಲ್ಲ.

ಇದರ ಲೆಕ್ಕವನ್ನು ಮಾಡಿ ನೋಡೋಣ. ನೂರು ಕಿಲೋ ಆಹಾರದಲ್ಲಿ 60 ಕಿಲೋ ಮೆಕ್ಕೆಜೋಳವಿದೆ ಎನ್ನಿ. ಅದರಲ್ಲಿ 30 ಕಿಲೋ ತೆಗೆದು 30 ಕಿಲೋ ನುಚ್ಚು ಸೇರಿಸಿದಾಗ ಸಸಾರಜನಕ 300 ಗ್ರಾಂ ಕಡಿಮೆಯಾಗುತ್ತದೆ. ಇದನ್ನು ತುಂಬಲು ಇನ್ನೂ ಸುಮಾರು 800 ಗ್ರಾಂ ಧಾನ್ಯ ತೆಗೆದು ಅಷ್ಟೇ ಸೋಯಾ ಹಿಂಡಿ ಹಾಕಬೇಕು. ಲೆಕ್ಕಕ್ಕೆಂದು ಮೆಕ್ಕೆಜೋಳ ಕಿಲೋಗೆ 24 ರೂಪಾಯಿ, ಸೋಯಾ ಹಿಂಡಿ 45 ರೂಪಾಯಿ ಎಂದು ಇಟ್ಟುಕೊಂಡರೆ ಈ ಹೆಚ್ಚುವರಿ ಹಿಂಡಿಗೆ ತಗಲುವುದು 17 ರೂಪಾಯಿ. ಅಂದರೆ ನುಚ್ಚು ನಮ್ಮ ಮನೆ ಬಾಗಿಲಿಗೆ ಬಂದು ಬೀಳುವಾಗ, ಲಾರಿ ಬಾಡಿಗೆ, ಹಮಾಲಿ, ಚೀಲ ಎಲ್ಲ ಸೇರಿ, ಕಿಲೋಗೆ 23 ರೂಪಾಯಿ 40 ಪೈಸೆಗಿಂತ ಕೆಳಗಿದ್ದರೆ ಮಾತ್ರ ಲಾಭ. ಸಿಂಧನೂರಿನಲ್ಲಿ ಕೇಳಿದ ಬೆಲೆಯನ್ನೇ ನಂಬಿ ನಾಲ್ಕು ಚೀಲವನ್ನು ಬಿಡಿಯಾಗಿ ತರಿಸಿದರೆ ಬಾಡಿಗೆಯೇ ಲಾಭವನ್ನು ನುಂಗಿಬಿಡುತ್ತದೆ. ಹತ್ತಾರು ಸದಸ್ಯರು ಸೇರಿ ಒಂದು ಲಾರಿ ತರಿಸಿದರೆ ಮಾತು ಬೇರೆ.

ನುಚ್ಚಿನಲ್ಲಿ ಮೆಕ್ಕೆಜೋಳದಲ್ಲಿರುವ ಹಳದಿ ಬಣ್ಣದ ಅಂಶವಿಲ್ಲ. ಕೋಳಿಯ ಕಾಲು, ಚರ್ಮ ಬಿಳುಪಾಗುತ್ತವೆ. ಕೊಳ್ಳುವವರು ಕೆಲವರು ಇದನ್ನು ರೋಗವೆಂದು ಭಾವಿಸುತ್ತಾರೆ. ಚರ್ಮ ಸುಲಿದು ಮಾರುವ ಕಡೆ ಇದು ದೊಡ್ಡ ವಿಷಯವಲ್ಲ. ಜೀವಂತ ಕೋಳಿಯ ಕಾಲು ನೋಡಿ ಕೊಳ್ಳುವ ಸಂತೆಯಾದರೆ ಅರ್ಧದಷ್ಟು ಮೆಕ್ಕೆಜೋಳವನ್ನು ಉಳಿಸಿಕೊಳ್ಳುವುದು ಜಾಣತನ.

ತೌಡು

ತೌಡಿನ ವಿಷಯದಲ್ಲಿ ಮೋಸ ಹೋದವರು ಹೆಚ್ಚು. ಹಸಿ ತೌಡಿನಲ್ಲಿ ಶೇಕಡಾ 12ರಿಂದ 13ರಷ್ಟು ಸಸಾರಜನಕ, ಅಷ್ಟೇ ಅಥವಾ ಇನ್ನೂ ಸ್ವಲ್ಪ ಹೆಚ್ಚು ಎಣ್ಣೆ ಇರುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ಆಹಾರ. ಆದರೆ ಅಕ್ಕಿ ಮಿಲ್ಲಿನಲ್ಲಿ ತೌಡು ಬೇರ್ಪಟ್ಟ ಗಳಿಗೆಯಿಂದಲೇ ಅದರೊಳಗಿನ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ಕೆಲವೇ ದಿನಗಳಲ್ಲಿ ಕಮಟು ವಾಸನೆ, ಕಹಿ. ಅಂಥ ತೌಡು ತಿಂದ ಕೋಳಿ ಮೇವು ಬಿಡುತ್ತದೆ, ಜೀವಸತ್ವಗಳೂ ನಾಶವಾಗುತ್ತವೆ. ಸಿಂಧನೂರಿನಿಂದ ಲಾರಿಯಲ್ಲಿ ಬಂದು, ಅಂಗಡಿಯಲ್ಲಿ ಹದಿನೈದು ದಿನ ಕೂತು, ನಮ್ಮ ಮಳೆಗಾಲದ ತೇವ ಹೀರಿದ ಹಸಿ ತೌಡನ್ನು ಬ್ರಾಯ್ಲರ್‌ಗೆ ಹಾಕುವುದಕ್ಕಿಂತ ಎಮ್ಮೆಗೆ ಹಾಕುವುದೇ ಮೇಲು. ಹತ್ತಿರದ ಗಿರಣಿಯಲ್ಲಿ ಅದೇ ವಾರದ ತೌಡು ಸಿಗುವುದಾದರೆ ಕೊನೆಯ ಹಂತದ ಆಹಾರದಲ್ಲಿ ನೂರಕ್ಕೆ ಹತ್ತು ಕಿಲೋವರೆಗೆ ಬಳಸಬಹುದು. ಕುಸುಬಲಕ್ಕಿ ಮಾಡುವ ಗಿರಣಿಗಳ ತೌಡು ಬೇಯಿಸಿದ ಭತ್ತದಿಂದ ಬಂದದ್ದಾದ್ದರಿಂದ ಅಷ್ಟು ಬೇಗ ಕೆಡುವುದಿಲ್ಲ. ಕರಾವಳಿಯ ಅಂಚಿನ ನಮ್ಮ ಸದಸ್ಯರಿಗೆ ಇದು ಅನುಕೂಲ.

ಎಣ್ಣೆರಹಿತ ತೌಡು ಕೆಡುವುದಿಲ್ಲ, ಸಸಾರಜನಕವೂ ಶೇಕಡಾ 15ರ ಮೇಲಿರುತ್ತದೆ. ಆದರೆ ಎಣ್ಣೆ ಹೋದ ಮೇಲೆ ಶಕ್ತಿಯೂ ಹೋಯಿತು. ಮೊಟ್ಟೆ ಕೋಳಿಗೆ ಸಲ್ಲುವ ಈ ಪದಾರ್ಥ ಆರು ವಾರದಲ್ಲಿ ಎರಡು ಕಿಲೋ ದಾಟಬೇಕಾದ ಬ್ರಾಯ್ಲರ್‌ಗೆ ಸಲ್ಲುವುದಿಲ್ಲ. ನೂರಕ್ಕೆ ಐದಕ್ಕಿಂತ ಹೆಚ್ಚು ಬೇಡ.

ತೌಡಿಗೆ ಉಮಿ ಬೆರೆಸುವುದು ಹಳೆಯ ವಿದ್ಯೆ. ಅಂಗೈಯಲ್ಲಿ ಹಿಡಿದು ಬಿಗಿಯಾಗಿ ಮುಷ್ಟಿ ಕಟ್ಟಿ ಬಿಟ್ಟಾಗ ಒಳ್ಳೆಯ ಹಸಿ ತೌಡು ಉಂಡೆಯಾಗಿ ನಿಲ್ಲುತ್ತದೆ. ಉಮಿ ಬೆರೆತದ್ದು ಉದುರಿಹೋಗುತ್ತದೆ, ಕೈಗೆ ಚುಚ್ಚುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕಿ ಬಿಟ್ಟರೆ ಉಮಿ ತೇಲುತ್ತದೆ, ಮರಳು ತಳಕ್ಕೆ ಇಳಿಯುತ್ತದೆ.

ಜೋಳ, ಸಜ್ಜೆ, ಹಿಂಡಿಗಳು

ಮಸ್ಕಿ, ಲಿಂಗಸುಗೂರು ಕಡೆಯ ಬಿಳಿಜೋಳ ಆಹಾರದ ಗುಣದಲ್ಲಿ ಮೆಕ್ಕೆಜೋಳಕ್ಕೆ ಸಮೀಪ. ಆದರೆ ಅಲ್ಲಿನ ಜನರ ರೊಟ್ಟಿಯ ಜೋಳ ಅದು. ಬೆಲೆಯಲ್ಲಿ ಸಾಮಾನ್ಯವಾಗಿ ಕೋಳಿಗೆ ಎಟುಕುವುದಿಲ್ಲ. ಮಳೆಗೆ ಸಿಕ್ಕಿ ಬಣ್ಣಗೆಟ್ಟ ಜೋಳ ಅಗ್ಗಕ್ಕೆ ಬರುತ್ತದೆ, ಅದರಲ್ಲಿ ಬೂಷ್ಟಿನ ಭಯ. ಕೆಂಪು ಅಥವಾ ಕಂದು ಬಣ್ಣದ ಜೋಳದಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿದ್ದು ಸಸಾರಜನಕ ಜೀರ್ಣವಾಗಲು ಅಡ್ಡಿಯಾಗುತ್ತದೆ. ಸಜ್ಜೆ ಮಾತ್ರ ಪ್ರಯತ್ನಿಸತಕ್ಕದ್ದು. ಸಸಾರಜನಕ ಶೇಕಡಾ 11ರ ಸುಮಾರು ಇರುವುದರಿಂದ ಸೋಯಾ ಸ್ವಲ್ಪ ಉಳಿಯುತ್ತದೆ. ಮೆಕ್ಕೆಜೋಳದ ಅರ್ಧದಷ್ಟನ್ನು ಸಜ್ಜೆಯಿಂದ ತುಂಬಬಹುದು. ಕಾಳುಗಳ ನಡುವೆ ಕಪ್ಪಗೆ ಉದ್ದವಾದ ಅರ್ಗಟ್ ಗಂಟುಗಳು ಕಂಡರೆ ಆ ಚೀಲವನ್ನು ಮುಟ್ಟಬೇಡಿ, ಅದು ವಿಷ.

ರಾಯಚೂರು ಹತ್ತಿಯ ದೊಡ್ಡ ಪೇಟೆ. ಹತ್ತಿಕಾಳಿನ ಹಿಂಡಿ ಸೋಯಾಗಿಂತ ಅಗ್ಗವೆಂದು ಕೋಳಿಗೆ ಹಾಕಲು ಹೊರಡುವವರಿದ್ದಾರೆ. ಅದರಲ್ಲಿನ ಗಾಸಿಪಾಲ್ ಎಂಬ ವಿಷಾಂಶ ಹಸುವಿನ ಮೆಲುಕು ಹೊಟ್ಟೆಯಲ್ಲಿ ಬಹುಮಟ್ಟಿಗೆ ಕಟ್ಟಿಹೋಗುತ್ತದೆ, ಕೋಳಿಗೆ ಆ ಸೌಕರ್ಯವಿಲ್ಲ. ಹತ್ತಿ ಹಿಂಡಿ ಹಸುವಿಗೇ ಇರಲಿ. ಸೂರ್ಯಕಾಂತಿ ಹಿಂಡಿಯಲ್ಲಿ ವಿಷವಿಲ್ಲ, ನಾರು ಜಾಸ್ತಿ, ಲೈಸಿನ್ ಕಡಿಮೆ. ನೂರಕ್ಕೆ ಐದಾರು ಕಿಲೋ ಸಾಕು.

ಕಡಲೇಕಾಯಿ ಹಿಂಡಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿ ಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್ ದೇಶದಿಂದ ತಂದ ಕಡಲೇಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಕಾರಣವೆಂದು ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು ಹಾಗೆ. ಕಡಲೇಕಾಯಿ ಹಿಂಡಿಯಲ್ಲಷ್ಟೇ ಅಲ್ಲ, ಮೆಕ್ಕೆಜೋಳ, ಕೊಬ್ಬರಿ ಹಿಂಡಿ, ನುಚ್ಚುಗಳಲ್ಲೂ ಈ ಬೂಷ್ಟು ಬೆಳೆಯುತ್ತದೆ. ಕಣ್ಣಿಗೆ ಹಸಿರು ಬೂಷ್ಟು ಕಾಣದಿದ್ದರೂ ವಿಷವಿರಬಹುದು. ಬಿಸಿಲಿಗೆ ಒಣಗಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಕೋಳಿ ಒಂದೇ ದಿನ ಸಾಯದೆ, ತೂಕ ಏರದೆ, ಲಸಿಕೆ ಹಾಕಿದ್ದರೂ ರೋಗಕ್ಕೆ ತುತ್ತಾಗುತ್ತಾ ಹೋಗುತ್ತದೆ. ಕೊಯ್ದು ನೋಡಿದರೆ ಯಕೃತ್ತು ಹಳದಿಗೆ ತಿರುಗಿರುತ್ತದೆ. ಎಥೆನಾಲ್ ಕಾರ್ಖಾನೆಗಳಿಂದ ಈಚೆಗೆ ಪೇಟೆಗೆ ಬರುತ್ತಿರುವ ಡಿ.ಡಿ.ಜಿ.ಎಸ್. ಎಂಬ ಒಣ ಗಸಿಯ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಧಾನ್ಯದ ಪಿಷ್ಟವೆಲ್ಲ ಮದ್ಯಸಾರವಾಗಿ ಹೋದ ಮೇಲೆ ಉಳಿದ ಗಸಿಯಲ್ಲಿ ಸಸಾರಜನಕ ಮೂರು ಪಟ್ಟು ಗಟ್ಟಿಯಾಗುವಂತೆ, ಧಾನ್ಯದಲ್ಲಿದ್ದ ವಿಷವೂ ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತದೆ. ಪರೀಕ್ಷೆಯ ಚೀಟಿ ತೋರಿಸದ ವ್ಯಾಪಾರಿಯಿಂದ ಇದನ್ನು ಕೊಳ್ಳಬೇಡಿ.

ರಾಯಚೂರಿನ ಒಣ ಹವೆಯಲ್ಲಿ ಆರು ತಿಂಗಳು ಕೆಡದೆ ಇರುವ ಚೀಲ ನಮ್ಮ ಮಲೆನಾಡಿನ ಜೂನ್ ತಿಂಗಳಲ್ಲಿ ಮೂರು ವಾರದಲ್ಲಿ ಮುಗ್ಗಲಾಗುತ್ತದೆ. ಧಾನ್ಯದ ತೇವಾಂಶ ಶೇಕಡಾ 12ರ ಒಳಗಿರಲಿ. ತೇವಮಾಪಕವಿಲ್ಲದವರು ಒಂದು ಒಣ ಸೀಸೆಯಲ್ಲಿ ಮುಕ್ಕಾಲು ಭಾಗ ಧಾನ್ಯ, ಒಂದೆರಡು ಚಮಚ ಚೆನ್ನಾಗಿ ಹುರಿದು ಆರಿಸಿದ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಬಹುದು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ಧಾನ್ಯ ಹಸಿ ಎಂದೇ ಅರ್ಥ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿಡಿ. ಮಳೆಗಾಲದ ನಾಲ್ಕು ತಿಂಗಳು ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತರಿಸಿ.

ತೋಟದಲ್ಲೇ ಸಿಗುವುದು

ಹಲಸಿನ ಬೀಜ ನಮ್ಮಲ್ಲಿ ಮಣ್ಣುಪಾಲಾಗುವಷ್ಟು. ಹಸಿಯಾಗಿ ಹಾಕಿದರೆ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಅದರಲ್ಲಿದೆ. ಬೇಯಿಸಿ, ಒಣಗಿಸಿ, ಹಿಟ್ಟು ಮಾಡಿ ನೂರಕ್ಕೆ ಹತ್ತರ ಒಳಗೆ ಬೆರೆಸಬಹುದು. ಬೀಜ ಬರುವುದು ಮಳೆ ಹಿಡಿಯುವ ಹೊತ್ತಿಗಾದ್ದರಿಂದ ಒಣಗಿಸುವುದೇ ಕಷ್ಟ. ಆ ತಿಂಗಳುಗಳಲ್ಲಿ ಖಾಲಿ ಬಿದ್ದಿರುವ ಡ್ರೈಯರ್ ಇದ್ದವರಿಗೆ ಇದು ಕೈಗೂಡುವ ಕೆಲಸ. ಮರಗೆಣಸಿನ ಒಣ ಹೋಳು ಅಗ್ಗವೆಂದು ತೋರುತ್ತದೆ. ಆದರೆ ಅದರಲ್ಲಿ ಸಸಾರಜನಕ ಶೇಕಡಾ ಎರಡು ಮೂರು ಮಾತ್ರ. ಹತ್ತು ಕಿಲೋ ಮೆಕ್ಕೆಜೋಳಕ್ಕೆ ಬದಲು ಹಾಕಿದರೆ ಒಂದೂಮುಕ್ಕಾಲು ಕಿಲೋ ಸೋಯಾ ಹೆಚ್ಚಿಗೆ ಬೇಕು. ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಬಿಸಿಲಿಗೆ ಚೆನ್ನಾಗಿ ಒಣಗಿಸದಿದ್ದರೆ ಸಯನೈಡಿನ ಅಪಾಯ ಬೇರೆ.

ಅಜೋಲ್ಲದ ಬಗ್ಗೆ ಬಹಳ ಪ್ರಚಾರವಾಗಿದೆ. ತೋಟದ ನೆರಳಿನಲ್ಲಿ ಅದು ಸೊಗಸಾಗಿ ಬೆಳೆಯುತ್ತದೆ ಎಂಬುದೂ ನಿಜ. ಆದರೆ ಹಸಿ ಅಜೋಲ್ಲದಲ್ಲಿ ಶೇಕಡಾ 93ರಷ್ಟು ನೀರೇ. ಒಂದು ಕಿಲೋ ಹಸಿ ಅಜೋಲ್ಲದಲ್ಲಿ 15, 16 ಗ್ರಾಂ ಸಸಾರಜನಕವಿದ್ದರೆ ಒಂದು ಕಿಲೋ ಸೋಯಾ ಹಿಂಡಿಯಲ್ಲಿ 460 ಗ್ರಾಂ. ಒಂದು ಕಿಲೋ ಸೋಯಾ ಉಳಿಸಲು ಮೂವತ್ತು ಕಿಲೋ ಅಜೋಲ್ಲವನ್ನು ಕೋಳಿ ತಿನ್ನಬೇಕು. ಅಷ್ಟು ನೀರು ತುಂಬಿಕೊಂಡ ಬ್ರಾಯ್ಲರ್‌ನ ಹೊಟ್ಟೆಯಲ್ಲಿ ಬೇರೆ ಆಹಾರಕ್ಕೆ ಜಾಗವೆಲ್ಲಿ? ಅಂಗಳದಲ್ಲಿ ಅಡ್ಡಾಡಿ ಬೆಳೆಯುವ ನಾಟಿ ಕೋಳಿಗೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿಗೆ ಅಜೋಲ್ಲವೂ ಸರಿ, ಅಡುಗೆಮನೆಯ ಸೊಪ್ಪಿನ ಕಡ್ಡಿಯೂ ಸರಿ. ಬ್ರಾಯ್ಲರ್‌ನ ಹಾದಿ ಬೇರೆ.

ಕಾಫಿ ಸಿಪ್ಪೆಯನ್ನು ಆಹಾರಕ್ಕೆ ಬೆರೆಸಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ: ಬೇಡ. ಕೆಫೀನ್, ಟ್ಯಾನಿನ್, ನಾರು ಮೂರೂ ಕೋಳಿಗೆ ಒಗ್ಗದವು. ಅಡಿಕೆಯ ಹಾಳೆ ಹಸುವಿಗೆ ಒಳ್ಳೆಯ ಒಣಮೇವು, ಕೋಳಿಗೆ ಏನೂ ಅಲ್ಲ.

ಕೊನೆಯ ಲೆಕ್ಕ ತಕ್ಕಡಿಯದು

ಒಂದು ಆಹಾರ ಕಿಲೋಗೆ 38 ರೂಪಾಯಿ, ಒಂದು ಕಿಲೋ ತೂಕ ಬರಲು 1.7 ಕಿಲೋ ಬೇಕು ಎನ್ನೋಣ. ತೂಕದ ಕಿಲೋ ಒಂದಕ್ಕೆ ಆಹಾರದ ಖರ್ಚು 64 ರೂಪಾಯಿ 60 ಪೈಸೆ. ಮನೆಯಲ್ಲಿ ಬೆರೆಸಿದ ಆಹಾರ 33 ರೂಪಾಯಿಗೇ ಆಯಿತು, ಆದರೆ 2.1 ಕಿಲೋ ತಿಂದಿತು. ಖರ್ಚು 69 ರೂಪಾಯಿ 30 ಪೈಸೆ. ನೂರು ಕೋಳಿ ತಲಾ ಎರಡು ಕಿಲೋ ಬಂದರೆ ಅಗ್ಗದ ಆಹಾರದಿಂದ 940 ರೂಪಾಯಿ ನಷ್ಟ. ಒಂದು ವಾರ ಹೆಚ್ಚು ಸಾಕಿದ ಶ್ರಮ ಈ ಲೆಕ್ಕಕ್ಕೆ ಸೇರಿಲ್ಲ. ಅದೇ ಆಹಾರ 1.85 ಕಿಲೋದಲ್ಲಿ ಕೆಲಸ ಮಾಡಿದ್ದರೆ ಖರ್ಚು 61 ರೂಪಾಯಿ ಚಿಲ್ಲರೆ, ಅಂದರೆ ಲಾಭ. ಇದು ತೂಗಿ ನೋಡದೆ ತಿಳಿಯುವುದಿಲ್ಲ.

ಆದ್ದರಿಂದ ಹೊಸ ಮಿಶ್ರಣವನ್ನು ಎಲ್ಲ ಕೋಳಿಗೂ ಒಮ್ಮೆಗೇ ಹಾಕಬೇಡಿ. ಮೊದಲ ಮೂರು ವಾರ ಎಲ್ಲ ಮರಿಗಳಿಗೂ ಮೂಟೆ ಆಹಾರವೇ ಇರಲಿ. ಆ ವಯಸ್ಸಿನಲ್ಲಿ ಕಳೆದ ಬೆಳವಣಿಗೆ ಮತ್ತೆ ಕೂಡಿಬರುವುದಿಲ್ಲ. ನಾಲ್ಕನೆಯ ವಾರ ಇಪ್ಪತ್ತು ಕೋಳಿಗಳನ್ನು ಬಲೆ ಕಟ್ಟಿ ಬೇರೆ ಮಾಡಿ ಹೊಸ ಆಹಾರ ಕೊಡಿ. ವಾರಕ್ಕೊಮ್ಮೆ ಎರಡೂ ಗುಂಪನ್ನು ತೂಗಿ, ಹಾಕಿದ ಆಹಾರವನ್ನು ಬರೆದಿಡಿ.

ಈ ಬರೆಯುವ ಕೆಲಸವನ್ನು ಮನೆಯಲ್ಲಿ ಹೈಸ್ಕೂಲು ಓದುವ ಮಗನಿಗೋ ಮಗಳಿಗೋ ಒಪ್ಪಿಸಬಹುದೆಂದು ನಮ್ಮ ಸೂಚನೆ. ಸರಾಸರಿ, ಶೇಕಡಾವಾರು, ಅನುಪಾತ, ಎಲ್ಲವೂ ಅದರಲ್ಲಿವೆ. ಪುಸ್ತಕದಲ್ಲಿ ತಲೆಗೆ ಹತ್ತದ ಲೆಕ್ಕ ತಮ್ಮದೇ ಕೋಳಿಯ ತೂಕದಲ್ಲಿ ಹತ್ತೀತು. ಆದರೆ ದಿನಕ್ಕೆ ಹತ್ತು ನಿಮಿಷದ ಕೆಲಸವಾಗಿರಲಿ; ಕೋಳಿ ನೋಡಿಕೊಳ್ಳಲೆಂದು ಶಾಲೆ ಬಿಡಿಸುವುದು ಬೇಡ. ಕಲಿಕೆಗೂ ಕೋಳಿ ಆಹಾರಕ್ಕೂ ಇನ್ನೊಂದು ನಂಟೂ ಇದೆ. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ಕಂಡು ಶಾಲೆಯ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದರು. ಮರುವರ್ಷ ಅದು ರಾಜ್ಯಕ್ಕೆಲ್ಲ ಹಬ್ಬಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆಯದು. ಈ ಅಂತರವನ್ನು ಮೊಟ್ಟೆಯೊಂದೇ ತುಂಬಲಾರದು; ಶಿಕ್ಷಕರು ಬೇಕು, ಗುಳೆ ಹೋಗುವ ಸಂಸಾರಗಳ ಮಕ್ಕಳು ಶಾಲೆಯಲ್ಲಿ ನಿಲ್ಲಬೇಕು. ಆದರೂ ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ. ಆ ಮೊಟ್ಟೆಯಿಡುವ ಕೋಳಿ ತಿನ್ನುವುದೂ ಇದೇ ಮೆಕ್ಕೆಜೋಳ, ಇದೇ ಸೋಯಾ, ಇದೇ ಸಿಂಧನೂರಿನ ತೌಡು.

ಶೆಡ್ಡಿನ ನೆಲದ ಹಾಸನ್ನು ಲೆಕ್ಕಕ್ಕೆ ಸೇರಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಶೇಕಡಾ 3ರಷ್ಟು, ರಂಜಕ 2.6ರಷ್ಟು, ಪೊಟ್ಯಾಷ್ 1.4ರಷ್ಟು ಇರುತ್ತದೆ. ತೌಡಿನ ರಂಜಕದ ಬಹುಭಾಗ ಕೋಳಿಗೆ ದಕ್ಕದೆ ಹಿಕ್ಕೆಯಲ್ಲೇ ಹೊರಬರುತ್ತದೆ. ಅದು ಸೇರುವುದು ನಮ್ಮ ತೋಟಕ್ಕೇ. ಹಸಿ ಗೊಬ್ಬರವನ್ನು ಅಡಿಕೆಯ ಬುಡಕ್ಕೋ ಕಾಫಿ ಗಿಡದ ಬುಡಕ್ಕೋ ನೇರವಾಗಿ ಸುರಿದರೆ ಬೇರು ಸುಡುತ್ತದೆ. ತರಗೆಲೆ, ಕಾಫಿ ಸಿಪ್ಪೆಗಳೊಂದಿಗೆ ಪದರ ಪದರವಾಗಿ ಹಾಕಿ, ಎರಡು ಮೂರು ತಿಂಗಳು ಕಳಿತ ಮೇಲೆ, ಮಳೆಯ ಅಬ್ಬರ ಇಳಿದಾಗ ಕೊಡಬೇಕು.